ಯಾವುದನ್ನು ಗೇಟ್‌ವೇ ಎನ್ನಬೇಕು?

ಒಂದು ಬದಿಯಲ್ಲಿ ಈಥರ್ನೆಟ್ ಪೋರ್ಟ್, ಇನ್ನೊಂದು ಬದಿಯಲ್ಲಿ ಎರಡು ತಂತಿಗಳ ಸೀರಿಯಲ್ ಸಂಪರ್ಕವಾದ ಆರ್‌ಎಸ್-485ರ ಸ್ಕ್ರೂ ಟರ್ಮಿನಲ್ ಇರುವ ಪ್ರತಿಯೊಂದು ಪೆಟ್ಟಿಗೆಯನ್ನೂ ‘ಗೇಟ್‌ವೇ’ ಎಂದು ಕರೆಯುವ ರೂಢಿ ಪ್ಯಾನೆಲ್ ಕಟ್ಟುವವರಲ್ಲಿ, ಮಾರುವವರಲ್ಲಿ, ಟೆಂಡರ್ ಕರಡು ಬರೆಯುವವರಲ್ಲಿಯೂ ಬೇರೂರಿದೆ. ಮಾಡ್‌ಬಸ್ ಎಂಬುದು ಮೀಟರುಗಳಂತಹ ಕಾರ್ಖಾನೆಯ ಸಾಧನಗಳು ಮಾತನಾಡುವ ಪ್ರೋಟೋಕಾಲ್, ಅಂದರೆ ಸಂದೇಶದ ನಿಯಮಾವಳಿ. ‘ಮಾಡ್‌ಬಸ್ ಗೇಟ್‌ವೇ, 1 ಸಂಖ್ಯೆ’ ಎಂದಷ್ಟೇ ಬರೆದ ಖರೀದಿ ಆದೇಶಕ್ಕೆ ಸಾದಾ ಸೀರಿಯಲ್ ಸರ್ವರ್ ಬಂದಿಳಿಯುತ್ತದೆ. ಅದನ್ನು ಎನರ್ಜಿ ಮೀಟರುಗಳ ಸಾಲಿಗೆ ಜೋಡಿಸಿದ ಮೇಲೆ ‘ಪಿಂಗ್ ಆಗುತ್ತಿದೆ (ಪೆಟ್ಟಿಗೆ ನೆಟ್‌ವರ್ಕಿನಲ್ಲಿ ಓಗೊಡುತ್ತಿದೆ), ಡೇಟಾ ಮಾತ್ರ ಬರುತ್ತಿಲ್ಲ’ ಎಂಬ ದೂರು ಹುಟ್ಟುತ್ತದೆ. ಇದು ಇಷ್ಟು ಸಲ ನಡೆದಿರುವಾಗ ಪದವನ್ನು ಒಮ್ಮೆ ಬಿಡಿಸಿ ನೋಡದೆ ಗತ್ಯಂತರವಿಲ್ಲ.

ಗೊಂದಲಕ್ಕೆ ಹಳೆಯ ಬೇರುಗಳಿವೆ. ಇಂಟರ್‌ನೆಟ್ ಪ್ರೋಟೋಕಾಲಾದ ಐಪಿಯನ್ನು ನಿರೂಪಿಸಿದ 1981ರ ಆರ್‌ಎಫ್‌ಸಿ 791 ಎಂಬ ಮಾನದಂಡ ದಾಖಲೆ, ಇಂದು ನಾವು ರೌಟರ್ ಎನ್ನುವ ಸಾಧನವನ್ನು ಗೇಟ್‌ವೇ ಎಂದೇ ಕರೆಯುತ್ತದೆ. 1987ರ ಆರ್‌ಎಫ್‌ಸಿ 1009ರ ಶೀರ್ಷಿಕೆಯಲ್ಲಿಯೂ ಅದೇ ಪದವಿದೆ. ಅದರ ಸ್ಥಾನಕ್ಕೆ 1995ರಲ್ಲಿ ಬಂದ ಆರ್‌ಎಫ್‌ಸಿ 1812ರ ಹೊತ್ತಿಗೆ ಶೀರ್ಷಿಕೆ ‘ರೌಟರ್’ ಎಂದು ಬದಲಾಗಿತ್ತು. ಸಾಧನದ ಹೆಸರು ಬದಲಾದರೂ ನೆಟ್‌ವರ್ಕ್ ಸೆಟ್ಟಿಂಗ್ ಪುಟದ ‘ಡೀಫಾಲ್ಟ್ ಗೇಟ್‌ವೇ’ ಎಂಬ ಖಾನೆ ಹಾಗೆಯೇ ಉಳಿಯಿತು. ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿಯ ಆ ಖಾನೆಯಲ್ಲಿ ಮಾಡ್‌ಬಸ್ ಗೇಟ್‌ವೇಯ ಐಪಿ ವಿಳಾಸವನ್ನು ತುಂಬುವವರು ಇಂದಿಗೂ ಇದ್ದಾರೆ. ಎರಡೂ ಒಂದೇ ಸಬ್‌ನೆಟ್‌ನಲ್ಲಿ, ಅಂದರೆ ನೆಟ್‌ವರ್ಕಿನ ಒಂದೇ ಭಾಗದಲ್ಲಿ ಇದ್ದರೆ ಆ ಖಾನೆಗೆ ಕೆಲಸವೇ ಇಲ್ಲ. ಬೇರೆ ಸಬ್‌ನೆಟ್‌ಗಳಲ್ಲಿದ್ದರೆ ಅಲ್ಲಿರಬೇಕಾದದ್ದು ರೌಟರಿನ ವಿಳಾಸ.

ಕಾರ್ಖಾನೆಯ ಮಟ್ಟಿಗೆ ಪದದ ಅರ್ಥ ಬೇರೆ. ಕನ್ವರ್ಟರ್ ಎಂಬುದು ಇನ್ನೊಂದು ಸೀರಿಯಲ್ ಸಂಪರ್ಕವಾದ ಆರ್‌ಎಸ್-232ರ ವೋಲ್ಟೇಜನ್ನು ಆರ್‌ಎಸ್-485ಕ್ಕೆ ಹೊಂದಿಸುವಂತಹ ಕೆಲಸವನ್ನಷ್ಟೇ ಮಾಡುತ್ತದೆ. ಸೀರಿಯಲ್ ಸರ್ವರ್ ತನಗೆ ಬಂದ ಬೈಟುಗಳನ್ನು ಒಂದಕ್ಷರವೂ ತಿದ್ದದೆ ನೆಟ್‌ವರ್ಕಿನ ಸಾಗಣೆ ಪ್ರೋಟೋಕಾಲಾದ ಟಿಸಿಪಿಯೊಳಗಿಟ್ಟು ಸಾಗಿಸುತ್ತದೆ, ಎದುರು ದಿಕ್ಕಿನಲ್ಲಿ ಹಾಗೆಯೇ ಹೊರತೆಗೆಯುತ್ತದೆ. ಗೇಟ್‌ವೇ ಮಾತ್ರ ಸಂದೇಶವನ್ನು ಓದಿ, ಅರ್ಥಮಾಡಿಕೊಂಡು, ಇನ್ನೊಂದು ಪ್ರೋಟೋಕಾಲಿನಲ್ಲಿ ಮರುರಚಿಸುತ್ತದೆ. ಸೀರಿಯಲ್ ಸರ್ವರ್ ಅಂಚೆಯವನಾದರೆ ಗೇಟ್‌ವೇ ದುಭಾಷಿ. ಅಂಚೆಯವನಿಂದ ಅನುವಾದವನ್ನು ನಿರೀಕ್ಷಿಸಿದರೆ ತಪ್ಪು ಅವನದಲ್ಲ.

ವ್ಯತ್ಯಾಸವು ಬೈಟುಗಳಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ನೋಡದವರಿಗೆ ಇದೆಲ್ಲ ಪದಗಳ ಜಗಳವೆಂದು ತೋರಬಹುದು. ವಿಳಾಸ 1ರ ಮೀಟರಿನಿಂದ ಮೊದಲ 10 ರಿಜಿಸ್ಟರುಗಳನ್ನು (ಮೌಲ್ಯಗಳ ಖಾನೆಗಳನ್ನು) ಕೇಳುವ ಮಾಡ್‌ಬಸ್ ಆರ್‌ಟಿಯು (ಸೀರಿಯಲ್ ತಂತಿಯ ಮಾಡ್‌ಬಸ್) ಸಂದೇಶ, ಹದಿನಾರರ ಮೂಲದ ಎಣಿಕೆಯಲ್ಲಿ (0ಎ ಎಂದರೆ 10), 01 03 00 00 00 0ಎ ಸಿ5 ಸಿಡಿ. ಕೊನೆಯ ಎರಡು ಬೈಟುಗಳು ಸಿಆರ್‌ಸಿ, ಅಂದರೆ ಸಂದೇಶ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಸಂಖ್ಯೆ. ಅದೇ ಪ್ರಶ್ನೆ ಈಥರ್ನೆಟ್‌ನ ಮಾಡ್‌ಬಸ್ ಆದ ಮಾಡ್‌ಬಸ್ ಟಿಸಿಪಿಯಲ್ಲಿ 00 01 00 00 00 06 01 03 00 00 00 0ಎ ಎಂದಾಗುತ್ತದೆ. ಇಲ್ಲಿ ಸಿಆರ್‌ಸಿ ಇಲ್ಲ. ಬದಲಿಗೆ ಮುಂದೆ 7 ಬೈಟುಗಳ ಶಿರೋಲೇಖವಿದೆ. ಅದರ ಕೊನೆಯ ಬೈಟಾದ ಯೂನಿಟ್ ಐಡಿಯೇ ಮೀಟರಿನ ವಿಳಾಸ.

ಈಗ ಮೀಟರುಗಳ ಮಾಹಿತಿಯನ್ನು ಸಂಗ್ರಹಿಸಿ ತೋರಿಸುವ ತಂತ್ರಾಂಶವಾದ ಸ್ಕಾಡಾ ಮಾಡ್‌ಬಸ್ ಟಿಸಿಪಿಯಲ್ಲಿ ಕೇಳುತ್ತಿದ್ದು, ನಡುವೆ ಸೀರಿಯಲ್ ಸರ್ವರ್ ಇದೆ ಎನ್ನೋಣ. ಆ 12 ಬೈಟುಗಳು ಹಾಗೆಯೇ ತಂತಿಗೆ ಇಳಿಯುತ್ತವೆ. ಮೀಟರಿಗೆ ಮೊದಲ ಬೈಟು 00, ಅಂದರೆ ಎಲ್ಲರಿಗೂ ಹೊರಡಿಸಿದ, ಉತ್ತರ ಬೇಡದ ಸಂದೇಶದಂತೆ ಕಾಣುತ್ತದೆ; ಸಿಆರ್‌ಸಿಯಂತೂ ತಾಳೆಯಾಗುವುದಿಲ್ಲ. ಅದು ಸಂದೇಶವನ್ನು ಕಸಕ್ಕೆ ಹಾಕಿ ಸುಮ್ಮನಿರುತ್ತದೆ. ಪೆಟ್ಟಿಗೆಯ ಟಿಎಕ್ಸ್ (ಕಳುಹಿಸುವ) ದೀಪ ಮಿನುಗುತ್ತದೆ, ಆರ್‌ಎಕ್ಸ್ (ಪಡೆಯುವ) ದೀಪ ಮಿನುಗುವುದಿಲ್ಲ. ತಂತಿ ಅದಲುಬದಲಾಗಿದೆ ಎಂದು ಎ ಮತ್ತು ಬಿ ಟರ್ಮಿನಲ್‌ಗಳನ್ನು ತಿರುವುಮುರುವು ಮಾಡುತ್ತಾ ಮಧ್ಯಾಹ್ನ ಕಳೆಯುವುದು ಇಂತಹ ಹೊತ್ತಿನಲ್ಲಿಯೇ.

ಇದರ ತದ್ವಿರುದ್ಧ ಸನ್ನಿವೇಶ ಇನ್ನೂ ಸ್ವಾರಸ್ಯಕರವಾಗಿದೆ. ನಡುವೆ ನಿಜವಾದ ಗೇಟ್‌ವೇ ಇದ್ದು, ತಂತ್ರಾಂಶದಲ್ಲಿ ‘ಟಿಸಿಪಿ ಮೇಲೆ ಆರ್‌ಟಿಯು’ ಎಂಬ ಆಯ್ಕೆ ಉಳಿದುಬಿಟ್ಟಿದ್ದರೆ, ಗೇಟ್‌ವೇ ಮೇಲಿನ ಆರ್‌ಟಿಯು ಸಂದೇಶವನ್ನೇ ಶಿರೋಲೇಖವೆಂದು ಓದತೊಡಗುತ್ತದೆ: 01 03 ವಹಿವಾಟಿನ ಸಂಖ್ಯೆ, 00 00 ಪ್ರೋಟೋಕಾಲ್ ಗುರುತು, 00 0ಎ ಎಂದರೆ ಇನ್ನು 10 ಬೈಟು ಬರಲಿವೆ. ಮೊದಲ 6 ಬೈಟುಗಳಲ್ಲಿ ಅದಕ್ಕೆ ಯಾವ ದೋಷವೂ ಕಾಣದು. ಬರುವುದು ಮಾತ್ರ ಸಿಆರ್‌ಸಿಯ 2 ಬೈಟು. ಉಳಿದ 8ಕ್ಕಾಗಿ ಅದು ಕಾಯುತ್ತಾ ಕೂರುತ್ತದೆ. ಇಲ್ಲಿ ಸೀರಿಯಲ್ ಬದಿಯ ಟಿಎಕ್ಸ್ ದೀಪವೂ ಮಿನುಗುವುದಿಲ್ಲ. ಟಿಎಕ್ಸ್ ದೀಪವೇ ಮಿನುಗದಿದ್ದಾಗ ಮೀಟರಿನ ಬಾಡ್ ರೇಟನ್ನು (ಸಂವಹನದ ವೇಗವನ್ನು) ಬದಲಿಸುತ್ತಾ ಹೋಗುವುದರಿಂದ ಏನೂ ಸಿಗದು.

ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಪೆಟ್ಟಿಗೆಯ ಸೆಟ್ಟಿಂಗ್ ಪುಟವನ್ನು ತೆರೆದು, ಅದು ಯಾವ ಕ್ರಮದಲ್ಲಿದೆ ಎಂಬುದನ್ನು ಓದಬೇಕು; ಒಂದೇ ಪೆಟ್ಟಿಗೆ ಎರಡೂ ಪಾತ್ರಗಳನ್ನು ವಹಿಸಬಲ್ಲ ಮಾದರಿಗಳು ಸಾಕಷ್ಟಿವೆ. ಮಾಡ್‌ಬಸ್ ಟಿಸಿಪಿಯ ಪೋರ್ಟ್ 502 ತೆರೆದಿದೆ ಎಂಬುದು ಪೆಟ್ಟಿಗೆ ಗೇಟ್‌ವೇ ಎನ್ನುವುದಕ್ಕೆ ಪುರಾವೆಯಲ್ಲ, ಸೀರಿಯಲ್ ಸರ್ವರಿಗೂ ಆ ಸಂಖ್ಯೆಯನ್ನು ಕೊಡಬಹುದು. ಕ್ರಮ ಸರಿಯಿದೆ ಎಂದು ಖಚಿತವಾದ ಮೇಲಷ್ಟೇ ಪ್ಯಾರಿಟಿ, ಸ್ಟಾಪ್ ಬಿಟ್‌ನಂತಹ ಸೀರಿಯಲ್ ಸೆಟ್ಟಿಂಗ್‌ಗಳು, ಸಾಲಿನ ಎರಡು ತುದಿಗಳ 120 ಓಮ್ ರೋಧಕ ಇತ್ಯಾದಿಗಳ ಸರದಿ. ಎ ಮತ್ತು ಬಿ ಅಕ್ಷರಗಳನ್ನು ತಯಾರಕರು ಒಂದೇ ರೀತಿ ಬಳಸುವುದಿಲ್ಲವಾದ್ದರಿಂದ ತಂತಿ ಅದಲುಬದಲಿನ ಸಂಶಯಕ್ಕೂ ಆಗ ಜಾಗವಿದೆ.

ದುಭಾಷಿಯಾಗಿರುವುದರಿಂದಲೇ ಗೇಟ್‌ವೇಗೆ ಸೀರಿಯಲ್ ಸರ್ವರಿಗಿಲ್ಲದ ಒಂದು ಶಕ್ತಿಯಿದೆ: ಅದು ತಾನಾಗಿ ಉತ್ತರಿಸಬಲ್ಲದು. ಮಾಡ್‌ಬಸ್‌ನ ದೋಷಸಂಕೇತ 10 ಎಂದರೆ ಗೇಟ್‌ವೇಗೆ ದಾರಿ ಸಿಗಲಿಲ್ಲ, 11 ಎಂದರೆ ಆಚೆಯ ಮೀಟರ್ ಉತ್ತರಿಸಲಿಲ್ಲ. ಈ ಸಂಕೇತಗಳು ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಬಹಳ ಸಲ ಕಾಯುವ ಅವಧಿಯ ಎಡವಟ್ಟು. 9600 ಬಾಡ್‌ನಲ್ಲಿ ಮೇಲಿನ ಪ್ರಶ್ನೆಯ 8 ಬೈಟು ಮತ್ತು ಉತ್ತರದ 25 ಬೈಟು ತಂತಿಯಲ್ಲಿ ಸಾಗಲು ಸುಮಾರು 38 ಮಿಲಿಸೆಕೆಂಡ್ ಸಾಕು. ಆದರೆ ಗೇಟ್‌ವೇಯಲ್ಲಿ 1 ಸೆಕೆಂಡಿನ ಅವಧಿ ಮತ್ತು 2 ಮರುಪ್ರಯತ್ನಗಳಿದ್ದರೆ, ಒಂದು ಸತ್ತ ಮೀಟರಿಗಾಗಿ 3 ಸೆಕೆಂಡ್ ಹೋಗುತ್ತದೆ. ತಂತಿ ಒಂದೇ ಆದ್ದರಿಂದ ಉಳಿದ ಮೀಟರುಗಳ ಪ್ರಶ್ನೆಗಳೆಲ್ಲ ಅಷ್ಟು ಹೊತ್ತು ಸರದಿಯಲ್ಲಿ ನಿಲ್ಲುತ್ತವೆ. 1 ಸೆಕೆಂಡಿಗೇ ಕೈಚೆಲ್ಲುವ ಸ್ಕಾಡಾ ಇಡೀ ಸಾಲೇ ಕೆಟ್ಟಿದೆ ಎಂದು ಕೆಂಪು ಬಣ್ಣ ತೋರಿಸುತ್ತದೆ. ಗೇಟ್‌ವೇಯ ಅವಧಿಯನ್ನು ಮೀಟರಿನ ನಿಜವಾದ ಉತ್ತರದ ವೇಗಕ್ಕೆ ತಕ್ಕಂತೆ ಇಳಿಸಿ, ಸ್ಕಾಡಾದ ಅವಧಿಯನ್ನು ಮರುಪ್ರಯತ್ನ ಮತ್ತು ಸರದಿ ಎರಡನ್ನೂ ಸೇರಿಸಿ ಅದಕ್ಕಿಂತ ಹೆಚ್ಚಿಗೆ ಇಟ್ಟರೆ, ಸಂಕೇತ 11 ಸತ್ತ ಮೀಟರಿನ ಯೂನಿಟ್ ಐಡಿಯೊಂದಿಗೆ ಲಾಗ್‌ನಲ್ಲಿ ಕಾಣಿಸಿಕೊಳ್ಳುತ್ತದೆ.