ಅಲೆಯ ಮೇಲಿನ ಅಳತೆ

ಬ್ರಹ್ಮಾಂಡ ಎಷ್ಟು ದೊಡ್ಡದು? ಈ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರವಿಲ್ಲ. ಅದಕ್ಕೆ ಕೊನೆ ಇದೆಯೋ ಇಲ್ಲವೋ, ಅದೇ ಗೊತ್ತಿಲ್ಲ. ಆದರೆ 'ಈಗಿನದಕ್ಕೆ ಹೋಲಿಸಿದರೆ ಆಗ ಎಷ್ಟಿತ್ತು?' ಎಂದು ಕೇಳಿ ನೋಡಿ, ಖಗೋಳ ವಿಜ್ಞಾನಿಗಳು ಪಕ್ಕಾ ಲೆಕ್ಕ ಕೊಡುತ್ತಾರೆ. ಆ ಲೆಕ್ಕದ ಹೆಸರು ಸ್ಕೇಲ್ ಫ್ಯಾಕ್ಟರ್. ಇವತ್ತು ಅದರ ಬೆಲೆ 1. ಇದರಲ್ಲಿ ವಿಶೇಷವೇನಿಲ್ಲ, ಸುಮ್ನೆ ಅನುಕೂಲಕ್ಕೆ ಇಟ್ಟುಕೊಂಡದ್ದು. ದೂರದೂರದ ಎರಡು ಗ್ಯಾಲಕ್ಸಿಗಳ ನಡುವೆ ಈಗಿನ ಅರ್ಧದಷ್ಟೇ ಅಂತರವಿದ್ದ ಕಾಲಕ್ಕೆ ಅದು 0.5.

ಅಷ್ಟು ಹಿಂದಿನ ಅಳತೆಯನ್ನು ತೆಗೆದವರು ಯಾರು? ಬೆಳಕೇ ಹೊತ್ತು ತರುತ್ತದೆ. ಅಲೆ ದಾರಿಯಲ್ಲಿರುವಾಗ ಜಾಗ ಹಿಗ್ಗುತ್ತದೆ, ಜೊತೆಗೆ ಅಲೆಯೂ ಹಿಗ್ಗುತ್ತದೆ. ಹೈಡ್ರೋಜನ್ ಸೂಸುವ ಒಂದು ಕೆಂಪು ಬೆಳಕಿನ ಅಲೆ 656 ನ್ಯಾನೋಮೀಟರ್ ಉದ್ದ. ಅದೇ ಅಲೆ ದೂರದ ಗ್ಯಾಲಕ್ಸಿಯಿಂದ ಬರುವಾಗ 1312 ಆಗಿದ್ದರೆ ವಿಷಯ ಸ್ಪಷ್ಟ: ಬೆಳಕು ಹೊರಟಾಗ ಸ್ಕೇಲ್ ಫ್ಯಾಕ್ಟರ್ ಅರ್ಧ ಇತ್ತು. ಆಗ ಬ್ರಹ್ಮಾಂಡಕ್ಕೆ ಸುಮಾರು 600 ಕೋಟಿ ವರ್ಷ. ಈಗ 1380 ಕೋಟಿ.

ಅಲೆ ಹೀಗೆ ಹಿಗ್ಗಿ ಕೆಂಪಿನತ್ತ ಸರಿಯುವುದನ್ನೇ ರೆಡ್‌ಶಿಫ್ಟ್ ಅನ್ನುವುದು. ವಿವರಿಸಲು ದೂರ ಸರಿಯುತ್ತ ಸ್ವರ ಇಳಿಯುವ ಸೈರನ್ನಿನ ಉದಾಹರಣೆ ಕೊಡುವವರೇ ಜಾಸ್ತಿ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಹತ್ತಿರದ ಗ್ಯಾಲಕ್ಸಿಗಳಿಗೆ ನಡೆದೀತು. ತೀರಾ ದೂರದವುಗಳಲ್ಲಿ ವೇಗದ ಮಾತು ಗೊಂದಲಕ್ಕೇ ದಾರಿ. ಹೊರಟಾಗ ಎಷ್ಟಿತ್ತು, ತಲುಪಿದಾಗ ಎಷ್ಟಾಯಿತು, ಇಷ್ಟೇ ಸಾಕಲ್ವಾ?

ನಮಗೆ ಸಿಗುವ ಅತಿ ಹಳೆಯ ಬೆಳಕು ಬ್ರಹ್ಮಾಂಡಕ್ಕೆ ಬರೀ 3.8 ಲಕ್ಷ ವರ್ಷವಾಗಿದ್ದಾಗ ಹೊರಟದ್ದು. ಆಗ ಎಲ್ಲೆಲ್ಲೂ ಸುಮಾರು 3000 ಕೆಲ್ವಿನ್ ಬಿಸಿ. ಅಲ್ಲಿಂದ ಇಲ್ಲಿಗೆ ಅಲೆಗಳು ಸುಮಾರು 1100 ಪಟ್ಟು ಹಿಗ್ಗಿವೆ. 1965ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ಆಂಟೆನಾದ ಗೊರಗೊರ ಸದ್ದು ಎಲ್ಲಿಯದೆಂದು ತಿಳಿಯದೆ ಅದರೊಳಗಿನ ಪಾರಿವಾಳದ ಹಿಕ್ಕೆಯನ್ನೂ ತೆಗೆದು ನೋಡಿದ್ದರು. ಆ ಸದ್ದು ಇದೇ ಬೆಳಕು, 2.7 ಕೆಲ್ವಿನ್‌ಗೆ ತಣ್ಣಗಾಗಿ ಕಣ್ಣಿಗೆ ಕಾಣದ ಮೈಕ್ರೋವೇವ್ ಅಲೆಯಾಗಿ ಬಂದದ್ದು.

ಬ್ರಹ್ಮಾಂಡ ಹಿಗ್ಗುವ ವೇಗ ಮಾತ್ರ ಒಂದೇ ಸಮ ಇಲ್ಲ. ವಸ್ತುಗಳ ಗುರುತ್ವ ಹಿಂದಕ್ಕೆ ಜಗ್ಗುವುದರಿಂದ ಅದು ನಿಧಾನವಾಗುತ್ತಲೇ ಇರಬೇಕು ಎಂದು ವಿಜ್ಞಾನಿಗಳು ಅಂದುಕೊಂಡಿದ್ದರು. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳನ್ನು, ಅಂದರೆ ಸಿಡಿಯುವ ನಕ್ಷತ್ರಗಳನ್ನು, ಅಳೆದಾಗ ಲೆಕ್ಕ ಉಲ್ಟಾ ಬಂತು. ಹಿಗ್ಗುವಿಕೆ ಚುರುಕಾಗುತ್ತಿದೆ. ಕಾರಣಕ್ಕೆ ಡಾರ್ಕ್ ಎನರ್ಜಿ ಎಂದು ಹೆಸರಿಟ್ಟಾಗಿದೆ. ಅದು ಏನು ಎನ್ನುವುದು ಇನ್ನೂ ಬಾಕಿ.

ಹಾಗಾದರೆ ನಾವೂ ಹಿಗ್ಗುತ್ತಿದ್ದೇವಾ? ಇಲ್ಲ. ಅಣು, ಗ್ರಹ, ಗ್ಯಾಲಕ್ಸಿ ಎಲ್ಲವೂ ತಮ್ಮ ತಮ್ಮ ಸೆಳೆತದಲ್ಲಿ ಬಿಗಿಯಾಗಿವೆ. 25 ಲಕ್ಷ ಬೆಳಕಿನ ವರ್ಷ ದೂರದ ಆಂಡ್ರೋಮಿಡಾ ಗ್ಯಾಲಕ್ಸಿ ಅಂತೂ ನಮ್ಮ ಕಡೆಗೇ ಬರುತ್ತಿದೆ. ತಮಾಷೆಯೆಂದರೆ, 1912ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ವೆಸ್ಟೋ ಸ್ಲೈಫರ್ ಗ್ಯಾಲಕ್ಸಿಗಳ ವೇಗ ಅಳೆಯಲು ಹೊರಟಾಗ ಮೊದಲು ಆರಿಸಿಕೊಂಡದ್ದು ಇದನ್ನೇ. ಅದರ ಬೆಳಕು ಕೆಂಪಿನತ್ತ ಅಲ್ಲ, ನೀಲಿಯತ್ತ ಸರಿದಿತ್ತು.