ಚಿಕ್ಕ ಉಪಕರಣಗಳು ಕಾನೂನಿನ ಕಣ್ಣಿಗೆ ಬಿದ್ದದ್ದು ತಡವಾಗಿ

ಫ್ರಿಜ್ ಕೆಟ್ಟರೆ ಸಾಗಿಸಲು ಗಾಡಿ ಬೇಕು, ಎತ್ತಲು ಜನ ಬೇಕು. ಹಾಗಾಗಿ ಅದನ್ನು ಏನು ಮಾಡುವುದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಇಸ್ತ್ರಿ ಪೆಟ್ಟಿಗೆ, ಕೆಟಲ್, ಹೇರ್ ಡ್ರೈಯರ್‌ಗಳ ವಿಷಯದಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಕಸದ ಬುಟ್ಟಿಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿರುವುದೇ ಇವುಗಳಿಗೆ ಮುಳುವಾಗಿದೆ.

ಕಾನೂನು ಮಾಡಿದವರೂ ಮೊದಲು ಕಂಡದ್ದು ದೊಡ್ಡದನ್ನೇ. ಜಪಾನಿನಲ್ಲಿ 2001ರಲ್ಲಿ ಜಾರಿಗೆ ಬಂದ ಗೃಹೋಪಕರಣ ಮರುಬಳಕೆ ಕಾಯ್ದೆ ಟಿ.ವಿ., ಫ್ರಿಜ್, ವಾಷಿಂಗ್ ಮೆಷಿನ್, ಎ.ಸಿ.ಗಳನ್ನು ಮಾತ್ರ ಹೆಸರಿಸಿತ್ತು. ಸಣ್ಣ ಉಪಕರಣಗಳಿಗಾಗಿಯೇ ಒಂದು ಕಾಯ್ದೆ ಜಾರಿಯಾಗಲು 2013 ಬರಬೇಕಾಯಿತು. ಭಾರತದ ಇ-ತ್ಯಾಜ್ಯ ನಿಯಮಗಳು 2012ರಲ್ಲೇ ಜಾರಿಯಾದರೂ ಇಸ್ತ್ರಿ ಪೆಟ್ಟಿಗೆ, ಟೋಸ್ಟರ್‌ಗಳು ಅವುಗಳ ವ್ಯಾಪ್ತಿಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ.

ಯುರೋಪ್ ಒಕ್ಕೂಟ 2002ರ ನಿರ್ದೇಶನದಲ್ಲೇ ಸಣ್ಣ ಗೃಹೋಪಕರಣಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿತ್ತು. ಆದರೆ ಸಂಗ್ರಹದ ಗುರಿಯನ್ನು ತೂಕದಲ್ಲಿ ಇಟ್ಟಿತು: ವರ್ಷಕ್ಕೆ ತಲಾ 4 ಕಿಲೋ. ಎಡವಿದ್ದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಒಂದು ಫ್ರಿಜ್ ಸಿಕ್ಕರೆ ಹತ್ತು ಜನರ ಪಾಲಿನ ಗುರಿ ತೀರುತ್ತದೆ. ಹೀಗಿರುವಾಗ ಟ್ರಿಮ್ಮರ್‌ಗಳನ್ನು ಹುಡುಕಿ ಹೋಗುವವರು ಯಾರು? 2012ರ ಪರಿಷ್ಕರಣೆ ಸ್ವಲ್ಪ ತಿದ್ದಿತು. ವಿದ್ಯುತ್ ಉಪಕರಣ ಮಾರುವ ಜಾಗ 400 ಚದರ ಮೀಟರ್‌ ಅಥವಾ ಅದಕ್ಕಿಂತ ಹೆಚ್ಚಿರುವ ಮಳಿಗೆಗಳು, ಯಾವ ಬದಿಯೂ 25 ಸೆಂ.ಮೀ. ಮೀರದ ಹಳೆಯ ಉಪಕರಣಗಳನ್ನು ಗ್ರಾಹಕ ಏನನ್ನೂ ಕೊಳ್ಳದಿದ್ದರೂ ಉಚಿತವಾಗಿ ಪಡೆಯಬೇಕೆಂದಿತು.

ಆದರೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿ ನೋಡಿದರೆ ಮನಸ್ಸು ಕುಗ್ಗುತ್ತದೆ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಸಣ್ಣ ಉಪಕರಣಗಳದ್ದು. ಕ್ರಮಬದ್ಧವಾಗಿ ಸಂಸ್ಕರಣೆಯಾದದ್ದು ಒಟ್ಟಾರೆ ಶೇ 22.3, ಸಣ್ಣವುಗಳಲ್ಲಿ ಶೇ 12 ಮಾತ್ರ.

ಸಂಸ್ಕರಣಾ ಘಟಕ ತಲುಪಿದರೂ ಎಲ್ಲವೂ ದಕ್ಕುವುದಿಲ್ಲ. ಪುಡಿಮಾಡಿದ ಮೇಲೆ ಕಬ್ಬಿಣವನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ, ತಾಮ್ರ ಮತ್ತು ಅಲ್ಯೂಮಿನಿಯಂ ಬೇರ್ಪಡುತ್ತವೆ. ಆದರೆ ಬಗೆಬಗೆಯ ಪ್ಲಾಸ್ಟಿಕ್ ಬೆರೆತುಹೋಗಿರುತ್ತದೆ. ಬೆಂಕಿ ನಿರೋಧಕ ರಾಸಾಯನಿಕ ಸೇರಿದ ಪ್ಲಾಸ್ಟಿಕ್ಕನ್ನು ಮತ್ತೆ ಬಳಸುವುದು ಇನ್ನೂ ಕಷ್ಟ. ಒಳಗೇ ಉಳಿದ ಲಿಥಿಯಂ ಬ್ಯಾಟರಿ ಜಜ್ಜಿಹೋದರೆ ಬೆಂಕಿಯೇ ಹತ್ತಬಹುದು.

ಆದ್ದರಿಂದ ರಿಪೇರಿಯೇ ಮೊದಲ ದಾರಿಯಾಗಬೇಕು. ಇಸ್ತ್ರಿ ಪೆಟ್ಟಿಗೆಯನ್ನೇ ನೋಡಿ: ಎಷ್ಟೋ ಮಾದರಿಗಳಲ್ಲಿ ಬೆರಳ ತುದಿಯಷ್ಟು ಉದ್ದದ ಥರ್ಮಲ್ ಫ್ಯೂಸ್ ಇರುತ್ತದೆ. ಶಾಖ ಮಿತಿ ಮೀರಿದಾಗ ಅದು ಕಡಿದುಹೋಗುತ್ತದೆ, ಮತ್ತೆ ಕೂಡುವುದಿಲ್ಲ. ಕಾಯಿಲ್, ತಳ, ವೈರು ಎಲ್ಲ ನೆಟ್ಟಗಿದ್ದರೂ ಪೆಟ್ಟಿಗೆ ಬಿಸಿಯಾಗುವುದಿಲ್ಲ. ಅತಿಯಾಗಿ ಕಾದದ್ದೇಕೆಂದು ಪತ್ತೆಹಚ್ಚಿ, ಅದೇ ಮಿತಿಯ ಹೊಸ ಫ್ಯೂಸ್ ಹಾಕಿದರೆ ಕೆಲಸ ಮುಗಿಯಿತು. (ಫ್ಯೂಸ್ ತೆಗೆದು ವೈರನ್ನು ನೇರವಾಗಿ ಜೋಡಿಸುವುದು ಮಾತ್ರ ಅಪಾಯ, ಯಾರೂ ಮಾಡಬಾರದು.) ಮಿಕ್ಸಿಯಲ್ಲಿ ಸವೆಯುವ ಕಾರ್ಬನ್ ಬ್ರಷ್‌ ಕೂಡ ಇಷ್ಟೇ ಸಣ್ಣ ಭಾಗ. ತೊಡಕಿರುವುದು ಹೊರಕವಚದಲ್ಲಿ: ಸಾಮಾನ್ಯ ಸ್ಕ್ರೂಡ್ರೈವರ್‌ಗೆ ಒಗ್ಗದ ಸ್ಕ್ರೂ, ಬಿಚ್ಚಿದರೆ ಮುರಿಯುವ ಕೊಕ್ಕೆ, ಅಂಟು ಹಾಕಿ ಮುಚ್ಚಿದ ಅಂಚು.

ಇದರ ವಿರುದ್ಧ ಮೊದಲು ಕೈಹಾಕಿದವರಲ್ಲಿ ಸಾಮಾನ್ಯ ಜನರೂ ಇದ್ದರು. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ ರಿಪೇರಿ ಕೆಫೆ ನಡೆಯಿತು. ಕೆಟ್ಟ ವಸ್ತು ತಂದವರ ಜೊತೆ ಕುಳಿತು ಸ್ವಯಂಸೇವಕರು ಸರಿಪಡಿಸುವ ಆ ಪದ್ಧತಿ ಹಲವು ದೇಶಗಳಿಗೆ ಹಬ್ಬಿತು. ಫ್ರಾನ್ಸ್ 2021ರಿಂದ ಕೆಲವು ಉಪಕರಣಗಳ ಮೇಲೆ ರಿಪೇರಿ ಎಷ್ಟು ಸುಲಭ ಎಂಬುದಕ್ಕೆ ಹತ್ತರಲ್ಲಿ ಅಂಕ ನಮೂದಿಸುವುದನ್ನು ಕಡ್ಡಾಯ ಮಾಡಿತು.

ಯುರೋಪ್ ಒಕ್ಕೂಟ 2024ರಲ್ಲಿ ರಿಪೇರಿ ಹಕ್ಕಿನ ನಿರ್ದೇಶನ ತಂದಿತು. ತಯಾರಕರು ರಿಪೇರಿ ಮಾಡಿಕೊಡಲೇಬೇಕಾದ ವಸ್ತುಗಳ ಪಟ್ಟಿಯಲ್ಲಿ ಅಂದು ವಾಷಿಂಗ್ ಮೆಷಿನ್, ಫ್ರಿಜ್, ಮೊಬೈಲ್, ವ್ಯಾಕ್ಯೂಮ್ ಕ್ಲೀನರ್‌ಗಳಿದ್ದವು. ಟೋಸ್ಟರ್, ಇಸ್ತ್ರಿ ಪೆಟ್ಟಿಗೆಗಳಿಗೆ ಜಾಗ ಸಿಗಲಿಲ್ಲ. ಬಿಚ್ಚಬಹುದಾದ ಕವಚ, ಬಿಡಿಭಾಗಗಳ ಮಾರಾಟ ಇವೆರಡನ್ನು ಇವುಗಳಿಗೂ ಕಡ್ಡಾಯ ಮಾಡುವುದು ದೊಡ್ಡ ತಾಂತ್ರಿಕ ಸವಾಲೇನೂ ಅಲ್ಲ.