ತಾಮ್ರದ ಗೆರೆ ಯಾಕೆ ಸುತ್ತಿ ಹೋಗುತ್ತದೆ?

ಬೀದರಿನಲ್ಲಿ ಬಿದರಿ ಕೆಲಸ ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಲೋಹದ ಮೈಮೇಲೆ ಉಳಿಯಿಂದ ಸಣ್ಣ ಗೀರು ಕೊರೆದು, ಅದರೊಳಗೆ ಬೆಳ್ಳಿ ತಂತಿ ಕೂರಿಸಿ, ಮೆಲ್ಲಗೆ ಬಡಿಯುತ್ತಾರೆ. ಹೋದ ವಾರ ಧೂಳು ಒರೆಸಲು ಕಂಪ್ಯೂಟರ್ ಬಿಚ್ಚಿದಾಗ ನನಗೆ ಅದೇ ನೆನಪಾಯಿತು. ಚಿಪ್‌ಗಳೆಲ್ಲ ಕೂರುವ ಹಲಗೆ, ಅಂದರೆ ಮದರ್‌ಬೋರ್ಡಿನ ತುಂಬ ಬಳ್ಳಿಯಂಥ ತಾಮ್ರದ ಗೆರೆಗಳು. ಲೆಕ್ಕ ಮಾಡುವ ಪ್ರೊಸೆಸರ್ ಮತ್ತು ಮೆಮೊರಿಯಾದ ರ‍್ಯಾಮ್ ನಡುವೆ ಕೆಲವಂತೂ ನೇರ ದಾರಿ ಬಿಟ್ಟು ಹಾವಿನ ಹಾಗೆ ಹೊರಳಿದ್ದವು. ಇದು ಅಂದಕ್ಕೆ ಮಾಡಿದ್ದಲ್ಲ.

ಈ ಗೆರೆಗಳ ಕಟ್ಟಿಗೆ ಬಸ್ ಅನ್ನುತ್ತಾರೆ. ಕೆಲವು ಗೆರೆ ಮೆಮೊರಿಯ ವಿಳಾಸ ಹೇಳುತ್ತವೆ. ಕೆಲವು ಓದಬೇಕೋ ಬರೆಯಬೇಕೋ ತಿಳಿಸುತ್ತವೆ. ಉಳಿದವು ಮಾಹಿತಿ ಹೊರುತ್ತವೆ. ವಿಳಾಸದ ಗೆರೆ ಒಂದು ಹೆಚ್ಚಾದರೆ ಮುಟ್ಟಬಹುದಾದ ಜಾಗ ಎರಡರಷ್ಟು. 1978ರ ಇಂಟೆಲ್ 8086 ಚಿಪ್‌ಗೆ ಅಂಥ 20 ಗೆರೆ ಇದ್ದವು, ಹಾಗಾಗಿ ಅದು ಮುಟ್ಟಬಹುದಾದ ಮೆಮೊರಿ 1 ಎಂಬಿ ಅಷ್ಟೇ.

ಈಗ ಹೊರಳುವ ಗೆರೆಗೆ ಬರೋಣ. ಸಾಮಾನ್ಯ ಡಿಡಿಆರ್4 ರ‍್ಯಾಮ್‌ನಲ್ಲಿ ಮಾಹಿತಿಗೇ 64 ಗೆರೆಗಳಿವೆ. 3200 ಅಂತ ಬರೆದ ರ‍್ಯಾಮ್ ಆದರೆ, ಒಂದೊಂದು ಗೆರೆಯಲ್ಲೂ ಸೆಕೆಂಡಿಗೆ 320 ಕೋಟಿ ಬಿಟ್ (ಒಂದು ಬಿಟ್ ಅಂದರೆ ಒಂದು 0 ಅಥವಾ 1) ಓಡಬಹುದು! ಬೋರ್ಡಿನ ತಾಮ್ರದಲ್ಲಿ ಸಂಕೇತ ಒಂದು ನ್ಯಾನೊಸೆಕೆಂಡಿಗೆ ಹೋಗುವುದು ಸುಮಾರು 15 ಸೆಂ.ಮೀ. ಲೆಕ್ಕ ಹಾಕಿ ನೋಡಿ. ಒಂದು ಬಿಟ್ 5 ಸೆಂ.ಮೀ. ದಾಟುವಷ್ಟರಲ್ಲಿ ಮುಂದಿನದು ಹೊರಟೇಬಿಟ್ಟಿರುತ್ತದೆ. ಹೀಗಿರುವಾಗ ಒಂದು ಗೆರೆ ಒಂದೆರಡು ಸೆಂ.ಮೀ. ಜಾಸ್ತಿ ಉದ್ದವಾದರೆ ಅದರ ಬಿಟ್ ತಡವಾಗಿ ಬಂದು, ಓದಿದ ಸಂಖ್ಯೆಯೇ ತಪ್ಪಾಗುತ್ತದೆ ಅಲ್ವಾ? ಅದಕ್ಕೇ ಎಂಟೆಂಟು ಗೆರೆಗಳ ಗುಂಪು ಮಾಡಿ, ಹತ್ತಿರದ ದಾರಿ ಸಿಕ್ಕ ಗೆರೆಯನ್ನೂ ಬೇಕಂತಲೇ ಸುತ್ತಿಸಿ ಉದ್ದ ಸಮ ಮಾಡುತ್ತಾರೆ. ಎಷ್ಟು ತಾಳ್ಮೆಯ ಕೆಲಸ!

ಗೆರೆ ಹೆಚ್ಚಿಸಿದಷ್ಟೂ ವೇಗ ಹೆಚ್ಚುತ್ತದೆ ಅಂತ ನಾನೂ ತುಂಬ ದಿನ ನಂಬಿದ್ದೆ. 1992ರಲ್ಲಿ ಬಂದ, ಕಾರ್ಡುಗಳನ್ನು ಬೋರ್ಡಿಗೆ ಜೋಡಿಸುವ ಪಿಸಿಐ ಬಸ್‌ನಲ್ಲಿ 32 ಗೆರೆಗಳು ಸೇರಿ ಸೆಕೆಂಡಿಗೆ 133 ಎಂಬಿ ಸಾಗಿಸುತ್ತಿದ್ದವು. ಎಲ್ಲ ಕಾರ್ಡುಗಳೂ ಅದನ್ನೇ ಹಂಚಿಕೊಳ್ಳಬೇಕಿತ್ತು. 2003ರ ಪಿಸಿಐ ಎಕ್ಸ್‌ಪ್ರೆಸ್ ಈ ಗುಂಪನ್ನೇ ಬಿಟ್ಟುಕೊಟ್ಟಿತು. ಹೋಗಲು ಒಂದು ಜೋಡಿ ಗೆರೆ, ಬರಲು ಒಂದು ಜೋಡಿ. ಬಿಟ್‌ಗಳು ಒಂದರ ಹಿಂದೆ ಒಂದು ಹೋಗುತ್ತವೆ, ಯಾವ ಬಿಟ್ ಯಾವಾಗ ಓದಬೇಕು ಅಂತ ತಿಳಿಸುವ ತಾಳವೂ ಅವುಗಳ ಜೊತೆಗೇ ಬೆರೆತಿರುತ್ತದೆ. ಆ ಒಂದು ಜೋಡಿಯೇ ಸೆಕೆಂಡಿಗೆ 250 ಎಂಬಿ ಸಾಗಿಸಿತು.

ಜೋಡಿ ಯಾಕೆ? ಹೊರಗಿನ ಗದ್ದಲ ಎರಡೂ ಗೆರೆಗಳಿಗೆ ಒಂದೇ ಥರ ತಾಗುತ್ತದೆ. ಆ ಕಡೆಯ ಚಿಪ್ ನೋಡುವುದು ಎರಡರ ವ್ಯತ್ಯಾಸವನ್ನು ಮಾತ್ರ, ಹಾಗಾಗಿ ಗದ್ದಲ ಕಳೆದುಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೂರುವ ಉದ್ದನೆಯ ಸ್ಲಾಟ್ ಇದೆಯಲ್ಲ, ಅದರ ಹತ್ತಿರ ಟಾರ್ಚ್ ಹಿಡಿದು ನೋಡಿ. ಗೆರೆಗಳು ಎರಡೆರಡಾಗಿ ಅಂಟಿಕೊಂಡೇ ಹೊರಟಿರುತ್ತವೆ.